11-28 ತೆಗೆದು 11-34 ಕ್ಯಾಸೆಟ್: ಹಿಂದಿನ ಡಿರೇಲರ್ ಬದಲಿಸಲೇಬೇಕಾ?

ಏರುದಾರಿ:
ನನ್ನ ರೋಡ್ ಸೈಕಲ್ಲಿನಲ್ಲಿರೋದು ಶಿಮಾನೊ 105 ಆರ್7000 ಗೇರ್ ಸೆಟ್, 11 ಸ್ಪೀಡ್. ಮುಂದಿನ ಎರಡು ಹಲ್ಲುಚಕ್ರಕ್ಕೆ 50 ಮತ್ತು 34 ಹಲ್ಲು, ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) 11ರಿಂದ 28 ಹಲ್ಲಿನದು, ಚೈನ್ ಸರಿಸೋ ಡಿರೇಲರ್ ಶಾರ್ಟ್ ಕೇಜ್ (ಪುಲ್ಲಿಗಳನ್ನು ಹಿಡಿಯೋ ಚೌಕಟ್ಟು ಗಿಡ್ಡ), ಅಂದ್ರೆ ಎಸ್‌ಎಸ್. ಏರು ಹತ್ತೋಕೆ 11-34 ಹಾಕ್ಬೇಕು. ಬಿ-ಸ್ಕ್ರೂ ಪೂರ್ತಿ ಬಿಗಿ ಮಾಡಿದ್ರೆ ಸಾಕು ಅಂತ ಕೆಲವರು, ಲಾಂಗ್ ಕೇಜ್ ಬೇಕೇ ಬೇಕು ಅಂತ ಕೆಲವರು. ಇನ್ನೊಂದು, ಈಗಲೇ ಮಧ್ಯದ ಗೇರ್‌ಗಳಲ್ಲಿ ಕಟಕಟ ಸದ್ದು. ಬ್ಯಾರೆಲ್ (ಕೇಬಲ್ ಬಿಗಿ ಹೊಂದಿಸೋ ತಿರುಪು) ತಿರುಗಿಸಿದ್ರೆ ದೊಡ್ಡ ಹಲ್ಲುಚಕ್ರಕ್ಕೆ ಮೇಲೆ ಹತ್ತೋದು ಸರಿಹೋಗುತ್ತೆ, ಇಳಿಯೋದು ಕೆಡುತ್ತೆ. ಹೊಸ ಡಿರೇಲರ್ ಹಾಕಿದ್ರೆ ಇದೂ ಹೋಗುತ್ತಾ?

ಹಲ್ಲುಚಕ್ರ:
ಬದಲಿಸಲೇಬೇಕು. ಇಲ್ಲಿ ಎರಡು ಬೇರೆ ಬೇರೆ ಮಿತಿಗಳಿವೆ, ಜನ ಒಂದನ್ನೇ ನೋಡ್ತಾರೆ.

ಮೊದಲನೆಯದು ದೊಡ್ಡ ಹಲ್ಲುಚಕ್ರದ ಮಿತಿ. ಎಸ್‌ಎಸ್‌ಗೆ ಅದು 30 ಹಲ್ಲು, ಉದ್ದ ಕೇಜಿನ ಜಿಎಸ್‌ಗೆ 34. ಎರಡನೆಯದು ಒಟ್ಟು ಕೆಪಾಸಿಟಿ, ಅಂದ್ರೆ ಡಿರೇಲರ್ ಎಳೆದಿಟ್ಟುಕೊಳ್ಳಬಲ್ಲ ಚೈನಿನ ಸಡಿಲ: ಮುಂದಿನ ವ್ಯತ್ಯಾಸ, ಹಿಂದಿನ ವ್ಯತ್ಯಾಸ ಎರಡನ್ನೂ ಕೂಡಿಸಿ. ಈಗ ನಿಮ್ಮದು 16+17=33, ಎಸ್‌ಎಸ್‌ನ 35ರ ಒಳಗೇ ಇದೆ. 11-34 ಆದ್ರೆ 16+23=39. ಜಿಎಸ್‌ನ ಮಿತಿಯೂ ಸರಿಯಾಗಿ 39.

ಬಿ-ಸ್ಕ್ರೂ ಪುಲ್ಲಿಯನ್ನು ಕ್ಯಾಸೆಟ್‌ನಿಂದ ದೂರ ತಳ್ಳುತ್ತೆ ಅಷ್ಟೇ, ಕೇಜ್ ಉದ್ದ ಮಾಡಲ್ಲ. ಹಿಂದಿನ 34ಕ್ಕೆ ಸಾಕಾಗುವಷ್ಟು ಚೈನ್ ಬಿಟ್ರೆ ಚಿಕ್ಕ-ಚಿಕ್ಕ ಗೇರಿನಲ್ಲಿ (ಮುಂದೆ, ಹಿಂದೆ ಎರಡೂ ಚಿಕ್ಕ ಚಕ್ರ) ಅದು ಜೋತುಬೀಳುತ್ತೆ. ಕಡಿಮೆ ಮಾಡಿದ್ರೆ ಅಪ್ಪಿತಪ್ಪಿ ದೊಡ್ಡ-ದೊಡ್ಡಕ್ಕೆ ಹೋದ ದಿನ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡೋ ತುಂಡು) ಕಿತ್ತು ಬರುತ್ತೆ. ಜಿಎಸ್ ತಗೊಳ್ಳಿ. ಅದಕ್ಕೆ ಕನಿಷ್ಠ 28 ಹಲ್ಲಿನ ದೊಡ್ಡ ಚಕ್ರ ಇದ್ರೆ ಸಾಕು, ಹಾಗಾಗಿ ಹಳೇ 11-28ಕ್ಕೂ ಅದೇ ನಡೆಯುತ್ತೆ.

ಸಣ್ಣಸ್ಪ್ಯಾನರ್:
ಸದ್ದಿನ ವಿಷಯಕ್ಕೆ ಬರ್ತೀನಿ. ಒಂದು ಕಡೆ ಸರಿಮಾಡಿದ್ರೆ ಇನ್ನೊಂದು ಕಡೆ ಕೆಡುತ್ತೆ ಅಂದ್ರೆ ಡಿರೇಲರ್ ಮೇಲೆ ಅನುಮಾನ ಪಡೋದು ಕೊನೆಗೆ. ಮೊದಲು ಕೇಬಲ್, ಆಮೇಲೆ ಹ್ಯಾಂಗರ್.

ಚೈನನ್ನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಿಸಿ, ಗಾಲಿ ನಿಲ್ಲಿಸಿ, ಪೆಡಲ್ ತುಳಿಯದೆ ಲಿವರನ್ನು 11 ಹಲ್ಲಿನ ಚಿಕ್ಕ ಚಕ್ರದವರೆಗೆ ಒತ್ತಿ. ಕೇಬಲ್ ಸಡಿಲವಾಗುತ್ತೆ, ಔಟರನ್ನು (ತಂತಿಯ ಹೊರಕೊಳವೆ) ಫ್ರೇಮಿನ ಸ್ಟಾಪ್‌ನಿಂದ ಬಿಡಿಸಿ ಒಳಗಿನ ತಂತಿ ಜಾರಿಸಿ ನೋಡಿ. ಎಲ್ಲಾದ್ರೂ ಹಿಡಿದುಕೊಂಡ್ರೆ ತಂತಿ, ಔಟರ್ ಎರಡೂ ಹೊಸದು ಹಾಕಿ. ತಂತಿಯ ತಲೆ ಹತ್ತಿರ, ಲಿವರ್ ಒಳಗೆ, ಎಳೆ ಕಿತ್ತಿದೆಯಾ ಅಂತಲೂ ನೋಡಿ. ಅಲ್ಲಿ ಕಿತ್ತಿದ್ರೆ ಯಾವ ಬ್ಯಾರೆಲೂ ಸಹಾಯಕ್ಕೆ ಬರಲ್ಲ.

ಬೈಕ್ ಬಲಕ್ಕೆ ಒಂದು ಸಲ ಬಿದ್ರೂ ಹ್ಯಾಂಗರ್ ಒಳಕ್ಕೆ ಬಾಗಬಹುದು. ಕಣ್ಣಳತೆ ನಂಬಬೇಡಿ, ಹ್ಯಾಂಗರ್ ನೇರ ಇದೆಯಾ ಅಂತ ಅಳೆಯೋ ಗೇಜ್ ಹಾಕಿ. ವಾಲ್ವ್ ಇರೋ ಜಾಗವನ್ನೇ ಗೇಜಿನ ಜೊತೆ ಮೇಲೆ, ಕೆಳಗೆ, ಹಿಂದೆ, ಮುಂದೆ ತಿರುಗಿಸುತ್ತಾ ಅಳೆದ್ರೆ ರಿಮ್ಮಿನ ಸೊಟ್ಟ ಲೆಕ್ಕಕ್ಕೆ ಬರಲ್ಲ. ವ್ಯತ್ಯಾಸ 4 ಮಿ.ಮೀ. ಒಳಗಿರಲಿ.

ಇದಾದ ಮೇಲೆ ಅಡ್ಜಸ್ಟ್ ಮಾಡೋದು. ಕೇಬಲ್ ಬಿಚ್ಚಿ, ಚೈನ್ 11ರ ಮೇಲಿರಲಿ. ಹಿಂದಿನಿಂದ ನೋಡಿದ್ರೆ ಮೇಲಿನ ಪುಲ್ಲಿಯ ನಡುಗೆರೆ 11ರ ಹೊರ ಅಂಚಿನ ನೇರಕ್ಕೆ ಬರೋ ಹಾಗೆ ಎಚ್ ಸ್ಕ್ರೂ (ಚಿಕ್ಕ ಚಕ್ರದ ಕಡೆಯ ಮಿತಿ) ತಿರುಗಿಸಿ. ಬ್ಯಾರೆಲ್ ಪೂರ್ತಿ ಒಳಗೆ ಹಾಕಿ ಎರಡು ಸುತ್ತು ಹೊರಗೆ ತನ್ನಿ, ಕೇಬಲ್ ಎಳೆದು 6-7 ನ್ಯೂಟನ್-ಮೀಟರ್‌ಗೆ ಬಿಗಿ ಮಾಡಿ. ತಂತಿ ಬೋಲ್ಟಿನ ತೋಡಿನಲ್ಲೇ ಕೂತಿರಬೇಕು, ತಪ್ಪು ಬದಿಗೆ ಹೋದ್ರೆ ಎಳೆತದ ಅನುಪಾತವೇ ಬದಲಾಗುತ್ತೆ. ಒಂದು ಕ್ಲಿಕ್‌ಗೆ ಮೇಲೆ ಹತ್ತದಿದ್ರೆ ಬ್ಯಾರೆಲನ್ನು ಎಡಕ್ಕೆ ಕಾಲು ಸುತ್ತು, ಇಳಿಯೋಕೆ ತಡ ಮಾಡಿದ್ರೆ ಬಲಕ್ಕೆ. ಎಲ್ ಸ್ಕ್ರೂವನ್ನು (ದೊಡ್ಡ ಚಕ್ರದ ಕಡೆಯ ಮಿತಿ) ಪುಲ್ಲಿ ದೊಡ್ಡ ಚಕ್ರದ ನೇರ ಕೆಳಗೆ ನಿಲ್ಲೋ ಹಾಗಿಡಿ, ಆಮೇಲೆ ಡಿರೇಲರನ್ನು ಕೈಯಿಂದ ಒಳಗೆ ತಳ್ಳಿ ನೋಡಿ. ಇನ್ನೂ ಸರಿದ್ರೆ ಚೈನ್ ಕಡ್ಡಿಗೆ ಬೀಳೋದು ಗ್ಯಾರಂಟಿ. ಕೊನೆಗೆ ಬಿ-ಸ್ಕ್ರೂ: ಚೈನ್ ಮುಂದೆ ಚಿಕ್ಕದರ, ಹಿಂದೆ ದೊಡ್ಡದರ ಮೇಲಿರಲಿ, ಪುಲ್ಲಿಗೂ ಹಲ್ಲಿಗೂ ನಡುವೆ 5-6 ಮಿ.ಮೀ. ಇದಕ್ಕಿಂತ ಹೆಚ್ಚಾದ್ರೆ ಚಿಕ್ಕ ಗೇರ್‌ಗಳಲ್ಲಿ ಬದಲಾವಣೆ ಮಂಕಾಗುತ್ತೆ.

ಏರುದಾರಿ:
ತುಂಬಾ ಉಪಯೋಗ ಆಯ್ತು. 10 ಸ್ಪೀಡ್ ಟಿಯಾಗ್ರಾ 4700 ಜಿಎಸ್ ಒಂದು ಸಿಗುತ್ತೆ, ಮೌಂಟನ್ ಬೈಕಿನ 10 ಸ್ಪೀಡ್ ಡಿರೇಲರೂ ಒಂದಿದೆ. ಯಾವುದಾದ್ರೂ ನಡೆಯುತ್ತಾ?

ಹಲ್ಲುಚಕ್ರ:
4700 ನಡೆಯುತ್ತೆ, ಇನ್ನೊಂದು ಆಗಲ್ಲ. ಡಿರೇಲರಿಗೆ ಎಷ್ಟು ಸ್ಪೀಡ್ ಅನ್ನೋದು ಗೊತ್ತಿಲ್ಲ, ಎಣಿಸೋದು ಲಿವರ್. ನಿಮ್ಮ ಲಿವರ್ ಒಂದು ಕ್ಲಿಕ್‌ಗೆ ಸುಮಾರು 2.7 ಮಿ.ಮೀ. ತಂತಿ ಎಳೆಯುತ್ತೆ, 11 ಸ್ಪೀಡ್ ರೋಡ್ ಡಿರೇಲರ್ ಅದನ್ನು ಸುಮಾರು 1.4 ಪಟ್ಟು ಮಾಡಿ ಮುಂದಿನ ಹಲ್ಲುಚಕ್ರಕ್ಕೆ ಸರಿಯಾಗಿ ತಲುಪುತ್ತೆ. 4700ರದ್ದೂ ಅದೇ ಅನುಪಾತ. 10 ಸ್ಪೀಡ್ ಮೌಂಟನ್‌ದು 1.2, ಅರ್ಧ ದಾರೀಲೇ ನಿಲ್ಲುತ್ತೆ. ಹಳೇ 10 ಸ್ಪೀಡ್ ರೋಡ್, ಉದಾಹರಣೆಗೆ ಹಳೇ 105 ಆದ 5700, ಅದರದ್ದು 1.7. ಅದು ದಾಟಿ ಹೋಗುತ್ತೆ.

ಸಣ್ಣಸ್ಪ್ಯಾನರ್:
ಕ್ಯಾಸೆಟ್ ಹಾಕುವಾಗ ಒಂದು ಮಾತು. ಶಿಮಾನೊ 11-34, ಎಚ್‌ಜಿ700 ಆಗಲಿ ಎಚ್‌ಜಿ800 ಆಗಲಿ, 11 ಸ್ಪೀಡ್ ರೋಡ್ ಹಬ್ಬಿಗೆ ಹಾಕೋದಾದ್ರೆ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕು. 11-28ಕ್ಕೆ ಅದು ಬೇಕಿರಲಿಲ್ಲ, ಹಾಗಾಗಿ ಮರೆತುಹೋಗುತ್ತೆ. ಇಲ್ಲದಿದ್ರೆ ಲಾಕ್‌ರಿಂಗ್ ಬಿಗಿಯಾದ ಮೇಲೂ ಕ್ಯಾಸೆಟ್ ಅಲ್ಲಾಡುತ್ತೆ. ಚೈನೂ ಹೊಸದು ಬೇಕಾಗುತ್ತೆ: ಡಿರೇಲರ್ ಒಳಗೆ ತೂರಿಸದೆ ಮುಂದಿನ 50 ಮತ್ತು ಹಿಂದಿನ 34ರ ಸುತ್ತ ಸುತ್ತಿ, ತುದಿಗಳು ಸೇರೋ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚಿಟ್ಟು ಕತ್ತರಿಸಿ.