ಒಂಬತ್ತು ವರ್ಷ ಆಡದಿದ್ದ ತಂಡಕ್ಕೆ 1937ರ ಇತಿಹಾಸ ಸಲ್ಲುತ್ತದೆಯೇ? (ಓಶವಾ ಜನರಲ್ಸ್ ಕುರಿತು)

ನೀರ್ಚಾಲು ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ಕೆನಡಾದ ಓಶವಾದಲ್ಲಿ ಓದುತ್ತಿರುವ ನನ್ನ ಸೋದರಳಿಯ ಅಲ್ಲಿನ ‘ಓಶವಾ ಜನರಲ್ಸ್’ ಎಂಬ ಜೂನಿಯರ್ ಐಸ್ ಹಾಕಿ ತಂಡದ ಪಂದ್ಯವೊಂದನ್ನು ನೋಡಿ ಬಂದು, ಹದಿಹರೆಯದ ಹುಡುಗರ ಆಟಕ್ಕೆ ಸೇರಿದ ಜನಸಂದಣಿಯನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ತಂಡ 1937ರಲ್ಲಿ ಹುಟ್ಟಿತೆಂದು ಅಲ್ಲಿನವರು ಹೇಳುತ್ತಾರೆ. ಆದರೆ 1953ರಿಂದ 1962ರ ವರೆಗೆ ಆ ತಂಡ ಆಡಿಯೇ ಇಲ್ಲವಂತೆ. ಹೀಗಿರುವಾಗ ಮೊದಲಿನ ಪ್ರಶಸ್ತಿಗಳನ್ನು ಈಗಿನ ತಂಡದ ಲೆಕ್ಕಕ್ಕೆ ಸೇರಿಸುವುದು ನ್ಯಾಯವೇ? ನನ್ನದು ಬರಿಯ ಕುತೂಹಲವಲ್ಲ. ನಮ್ಮೂರಿನ ಯುವಕ ಸಂಘವೂ ನಡುವೆ ಕೆಲವು ವರ್ಷ ಬಾಗಿಲು ಹಾಕಿತ್ತು. ಈಗ ಸುವರ್ಣ ಮಹೋತ್ಸವದ ವರ್ಷ ಯಾವುದೆಂದು ಸ್ಮರಣಸಂಚಿಕೆಯ ಸಮಿತಿಯಲ್ಲಿ ಚರ್ಚೆ ಬಿಸಿಯಾಗಿದೆ. ತಿಳಿದವರು ಆ ತಂಡದ ಕಥೆಯನ್ನು ತುಸು ವಿವರವಾಗಿ ಹೇಳಬೇಕು.

ಕುಂಬಳೆಯವ, ಈಗ ಟೊರೊಂಟೊ:

ಮಾಷ್ಟ್ರೇ, ಒಳ್ಳೆಯ ಪ್ರಶ್ನೆ. ಓಶವಾ ಟೊರೊಂಟೊದಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಕಾರು ಕಾರ್ಖಾನೆಯ ಊರು. ತಂಡ ಶುರುವಾದಾಗ ಪ್ರಾಯೋಜಕರಾಗಿದ್ದುದು ಜನರಲ್ ಮೋಟಾರ್ಸ್ ಆದ್ದರಿಂದ ಹೆಸರೂ ಅಲ್ಲಿಂದಲೇ ಬಂತು. ಆರಂಭದ ಓಟ ಅಸಾಧಾರಣವಾದದ್ದು: 1938ರಿಂದ 1944ರ ವರೆಗೆ ಸತತ ಏಳು ಬಾರಿ ಒಂಟಾರಿಯೊ ಜೂನಿಯರ್ ಚಾಂಪಿಯನ್ ಆಗಿ ಜೆ. ರಾಸ್ ರಾಬರ್ಟ್‌ಸನ್ ಕಪ್ ಗೆದ್ದರು. ಅದೇ ಅವಧಿಯಲ್ಲಿ, 1939, 1940 ಮತ್ತು 1944ರಲ್ಲಿ, ಇಡೀ ಕೆನಡಾದ ಜೂನಿಯರ್ ಪ್ರಶಸ್ತಿಯಾದ ಮೆಮೋರಿಯಲ್ ಕಪ್ಪನ್ನೂ ತಂದರು. ಆ ಕಪ್ಪು ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಕೆನಡಾದ ಸೈನಿಕರ ನೆನಪಿಗಾಗಿ 1919ರಲ್ಲಿ ಸ್ಥಾಪನೆಯಾದದ್ದು.

1953ರ ಸೆಪ್ಟೆಂಬರ್‌ನಲ್ಲಿ, ಋತು ಆರಂಭವಾಗುವ ಹೊತ್ತಿಗೆ, ತಂಡದ ಐಸ್ ರಿಂಕ್ ಇದ್ದ ಕಟ್ಟಡವೇ ಬೆಂಕಿಗೆ ಆಹುತಿಯಾಯಿತು. ಬಯಲಿನಲ್ಲಿ ಗೆರೆ ಎಳೆದು ಆಡಬಹುದಾದ ಆಟ ಇದಲ್ಲ. ಯಂತ್ರದಿಂದ ಹೆಪ್ಪುಗಟ್ಟಿಸಿದ ಮಂಜಿನ ನೆಲ ಇಲ್ಲದಿದ್ದರೆ ತಂಡವೂ ಇಲ್ಲ. ಆಟಗಾರರು ಬೇರೆ ತಂಡಗಳಿಗೆ ಹಂಚಿಹೋದರು.

ಮತ್ತೆ ಜೀವ ಬಂದದ್ದು 1962ರಲ್ಲಿ, ರೆನ್ ಬ್ಲೇರ್ ಎಂಬವರ ಪ್ರಯತ್ನದಿಂದ. ಅವರು ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ಬೋಸ್ಟನ್ ಬ್ರೂಯಿನ್ಸ್ ತಂಡಕ್ಕೆ ಪ್ರತಿಭೆಗಳನ್ನು ಹುಡುಕುತ್ತಿದ್ದವರು. ಪ್ಯಾರಿ ಸೌಂಡ್ ಎಂಬ ಸಣ್ಣ ಊರಿನ ಬಾಬಿ ಓರ್ ಎಂಬ 14 ವರ್ಷದ ಹುಡುಗನನ್ನು ಬೋಸ್ಟನ್ ಕಣ್ಣಿಟ್ಟು ಕಾಯುತ್ತಿತ್ತು. ಮೊದಲ ವರ್ಷ ಆತ ಮನೆಯಲ್ಲಿಯೇ ಇದ್ದು ಶಾಲೆಗೆ ಹೋಗುತ್ತ, ಜನರಲ್ಸ್ ತಂಡದೊಂದಿಗೆ ಅಭ್ಯಾಸವನ್ನೂ ಮಾಡದೆ, ಪಂದ್ಯವಿದ್ದಾಗ ಮಾತ್ರ ಕಾರಿನಲ್ಲಿ ಬಂದು ಆಡಿ ಹೋಗುತ್ತಿದ್ದ. ಊರಿನಲ್ಲಿ ರಿಂಕ್ ಇಲ್ಲದ ಕಾರಣ ತಂಡ ಮೊದಲು ಟೊರೊಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ, ಆಮೇಲೆ ನೆರೆಯ ಬೋಮನ್‌ವಿಲ್‌ನಲ್ಲಿ ಆಡಬೇಕಾಯಿತು. ಓಶವಾದ ಸ್ವಂತ ಸಿವಿಕ್ ಆಡಿಟೋರಿಯಂ ತೆರೆದದ್ದು 1964ರ ಡಿಸೆಂಬರ್‌ನಲ್ಲಿ.

ತಂಡ ಆಡುವ ಒಂಟಾರಿಯೊ ಹಾಕಿ ಲೀಗ್‌ನ ದಾಖಲೆಯಂತೂ ಎರಡೂ ಕಾಲವನ್ನು ಒಂದೇ ತಂಡವೆಂದು ಎಣಿಸುತ್ತದೆ. ರಾಬರ್ಟ್‌ಸನ್ ಕಪ್ಪನ್ನು 13 ಬಾರಿ ಗೆದ್ದವರೆಂದು ಹೇಳುವಾಗ ಆ ಹಳೆಯ ಏಳೂ ಸೇರಿರುತ್ತವೆ.

ಪೆರ್ಲದ ಓದುಗ:

ಕುಂಬಳೆಯ ಅಣ್ಣ ಕೊಟ್ಟ ವಿವರದಿಂದಲೇ ನನಗೆ ವಿರುದ್ಧವಾದ ತೀರ್ಮಾನ ತೋರುತ್ತದೆ. 1937ರ ತಂಡವನ್ನು ಪೊರೆದದ್ದು ಕಾರ್ಖಾನೆ, 1962ರ ತಂಡವನ್ನು ಪೊರೆದದ್ದು ಬೇರೊಂದು ದೇಶದ ವೃತ್ತಿಪರ ತಂಡ. ಆಗ ಎನ್‌ಎಚ್‌ಎಲ್ ತಂಡಗಳು ಜೂನಿಯರ್ ತಂಡಗಳಿಗೆ ಹಣ ಕೊಟ್ಟು, ಅಲ್ಲಿನ ಹುಡುಗರ ಮೇಲಿನ ಹಕ್ಕನ್ನು ತಮ್ಮದಾಗಿಸಿಕೊಳ್ಳುತ್ತಿದ್ದವು. 1960ರ ದಶಕದ ಕೊನೆಗೆ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ, ಎಲ್ಲರಿಗೂ ಸಮಾನವಾದ ಡ್ರಾಫ್ಟ್ ಪದ್ಧತಿ ಬಂದ ಮೇಲೆಯೇ ಅದು ಪೂರ್ತಿ ನಿಂತದ್ದು. ಬೋಸ್ಟನ್ನಿಗೆ ಬೇಕಿದ್ದುದು ಓರ್, ಓಶವಾ ಅಲ್ಲ. ಹಳೆಯ ಹೆಸರು ಜನ ಸೇರುವುದಕ್ಕೆ ಅನುಕೂಲವಾಯಿತು, ಅಷ್ಟೆ.

ಕುಂಬಳೆಯವ, ಈಗ ಟೊರೊಂಟೊ:

ಪೆರ್ಲದವರೇ, ಹಣದ ಮೂಲದ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ನಮ್ಮ ಕಡೆ ಒಂದು ಮೇಳ ತಿರುಗಾಟ ನಿಲ್ಲಿಸಿ, ಕೆಲವು ವರ್ಷಗಳ ಮೇಲೆ ಬೇರೆ ಯಜಮಾನರ ಕೈಯಲ್ಲಿ ಮತ್ತೆ ಗೆಜ್ಜೆ ಕಟ್ಟಿದರೆ ಅದನ್ನು ಹೊಸ ಮೇಳವೆಂದು ಯಾರೂ ಕರೆಯುವುದಿಲ್ಲ.

ಯಜಮಾನರ ಇಷ್ಟದಂತೆಯೇ ಎಲ್ಲವೂ ನಡೆಯಿತೆಂದೂ ಇಲ್ಲ. 1966ರಲ್ಲಿ ಜನರಲ್ಸ್ ಮೆಮೋರಿಯಲ್ ಕಪ್‌ನ ಫೈನಲ್‌ಗೆ ಬಂದಾಗ ಓರ್‌ಗೆ ತೊಡೆಸಂದಿಯ ನೋವು. ಅಷ್ಟು ಬೆಲೆಯ ಆಟಗಾರ ಗಾಯದೊಡನೆ ಆಡುವುದು ಬೋಸ್ಟನ್ನಿನ ಆಡಳಿತಕ್ಕೆ ಬೇಡವಾಗಿತ್ತು. ಆದರೂ ಆತ ಜನರಲ್ಸ್ ಅಂಗಿ ತೊಟ್ಟು ಆಡಿಯೇ ಆಡಿದ. ಕಪ್ಪು ಎಡ್ಮಂಟನ್ ಆಯಿಲ್ ಕಿಂಗ್ಸ್ ಪಾಲಾಯಿತು, ಅದು ಬೇರೆ ಮಾತು.

ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆಲ್ಬರ್ಟ್ ‘ರೆಡ್’ ಟಿಲ್ಸನ್ ಎಂಬವರು 1940ರ ದಶಕದ ಆರಂಭದಲ್ಲಿ ಜನರಲ್ಸ್ ಪರ ಗೋಲುಗಳ ಮಳೆ ಸುರಿಸಿ, ಸೈನ್ಯಕ್ಕೆ ಸೇರಿ, 1944ರಲ್ಲಿ ಯುರೋಪಿನ ರಣರಂಗದಲ್ಲಿ ಮಡಿದರು. ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಇಂದಿಗೂ ಅವರದೇ ಹೆಸರು. ಅದನ್ನು 1991ರಲ್ಲಿ ಎರಿಕ್ ಲಿಂಡ್ರೋಸ್, 2007ರಲ್ಲಿ ಜಾನ್ ಟವಾರೆಸ್ ಪಡೆದರು. ಇಬ್ಬರೂ ಜನರಲ್ಸ್ ಆಟಗಾರರು. 16ರ ಹರೆಯದಲ್ಲಿ ಐಸ್ ಹಾಕಿಯ ದಿಗ್ಗಜ ವೇಯ್ನ್ ಗ್ರೆಟ್ಸ್ಕಿ ಹೊಡೆದಿದ್ದ 70 ಗೋಲುಗಳ ದಾಖಲೆಯನ್ನು ಟವಾರೆಸ್ 72ಕ್ಕೆ ಏರಿಸಿದ್ದು ಅದೇ ಋತುವಿನಲ್ಲಿ. ಟಿಲ್ಸನ್‌ರ 9ನೆಯ ನಂಬರನ್ನು ತಂಡದಲ್ಲಿ ಮತ್ತೆ ಯಾರಿಗೂ ಕೊಡುವುದಿಲ್ಲ. 1962ರಲ್ಲಿ ಹೊಸದಾಗಿ ಹುಟ್ಟಿದ ತಂಡವಾಗಿದ್ದರೆ ಈ ನಂಬರನ್ನು ಎತ್ತಿಡುವ ಹೊಣೆ ಅದಕ್ಕೆ ಎಲ್ಲಿಂದ ಬರಬೇಕಿತ್ತು?

ನೀರ್ಚಾಲು ಮಾಷ್ಟ್ರು:

ಇಬ್ಬರಿಗೂ ಕೃತಜ್ಞತೆಗಳು. ಟಿಲ್ಸನ್‌ರ ವಿಷಯ ನನ್ನ ಮನಸ್ಸಿಗೆ ನಾಟಿತು. ಈಗಲೂ ತಂಡ ಕಾರ್ಖಾನೆಯನ್ನೇ ನೆಚ್ಚಿಕೊಂಡಿದೆಯೇ? ನಡುವೆ ಮತ್ತೆ ನಿಂತದ್ದುಂಟೇ?

ಕುಂಬಳೆಯವ, ಈಗ ಟೊರೊಂಟೊ:

ಇಲ್ಲ ಮಾಷ್ಟ್ರೇ, ತಂಡ ಈಗ ಖಾಸಗಿ ಒಡೆತನದಲ್ಲಿದೆ. ಟಿಕೆಟ್ ಕೊಳ್ಳುವ ಊರಿನವರೇ ಅದಕ್ಕೆ ಆಧಾರ. 2006ರಲ್ಲಿ ತೆರೆದ ಹೊಸ ಕ್ರೀಡಾಂಗಣಕ್ಕೆ ಮೊದಲು ಜನರಲ್ ಮೋಟಾರ್ಸ್ ಹೆಸರಿತ್ತು, ಈಗ ಅದೂ ಬದಲಾಗಿದೆ. 2019ರ ಡಿಸೆಂಬರ್‌ನಲ್ಲಿ ಓಶವಾದ ಕಾರ್ಖಾನೆ ವಾಹನ ಜೋಡಣೆ ನಿಲ್ಲಿಸಿತು, 2021ರಲ್ಲಿ ಮತ್ತೆ ತೊಡಗಿತು; ತಂಡ ಅದರ ಜೊತೆ ಮುಳುಗಲಿಲ್ಲ. ಕೋವಿಡ್ ಕಾರಣದಿಂದ ಲೀಗ್ 2020–21ರ ಋತುವನ್ನೇ ರದ್ದುಮಾಡಿದ್ದರಿಂದ ಆ ವರ್ಷ ಮಾತ್ರ ಯಾವ ತಂಡವೂ ಆಡಲಿಲ್ಲ. 1990ರಲ್ಲಿ ಕಿಚನರ್ ರೇಂಜರ್ಸ್ ವಿರುದ್ಧ, 2015ರಲ್ಲಿ ಕೆಲೋನಾ ರಾಕೆಟ್ಸ್ ವಿರುದ್ಧ ಮೆಮೋರಿಯಲ್ ಕಪ್ ಗೆದ್ದದ್ದು ಎರಡೂ ಸಲ ಹೆಚ್ಚುವರಿ ಅವಧಿಯಲ್ಲಿ; 2015ರ 2–1ರ ಗೆಲುವಿನಲ್ಲಿ ಎರಡೂ ಗೋಲು ಆಂತೊನಿ ಸಿರೆಲಿ ಎಂಬ ಹುಡುಗನದ್ದೇ.

ಪೆರ್ಲದ ಓದುಗ:

ನಂಬರಿನ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದೆ. ಆದರೂ ಮಾಷ್ಟ್ರೇ, ಸ್ಮರಣಸಂಚಿಕೆಯ ಮುಖಪುಟದಲ್ಲಿ ಸ್ಥಾಪನೆಯ ವರ್ಷವನ್ನು ಹಾಕುವಾಗ ಒಳಪುಟದಲ್ಲಿ ಸಂಘ ಮುಚ್ಚಿದ್ದ ವರ್ಷಗಳನ್ನೂ, ಮತ್ತೆ ತೆರೆದವರ ಹೆಸರುಗಳನ್ನೂ ಮರೆಯದೆ ಅಚ್ಚುಹಾಕಿಸಿ. ಎರಡನೆಯ ಸಲ ಬಾಗಿಲು ತೆರೆದವರಿಗೆ ಸ್ಥಾಪಕರಷ್ಟೇ ಕಷ್ಟವಾಗಿರುತ್ತದೆ.