ಮ್ಯಾಕ್ ಕ್ಲಾಸಿಕ್: ಜಿಪ್ ಡಿಸ್ಕ್‌ನಿಂದ ಬೂಟ್ ಆಗುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನನ್ನ ಹತ್ತಿರ ಆಪಲ್‌ನ ಹಳೆಯ ಕಂಪ್ಯೂಟರ್ ಮ್ಯಾಕಿಂತೋಷ್ ಕ್ಲಾಸಿಕ್ ಇದೆ. ಒಳಗಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತು, ತೆಗೆದಿಟ್ಟೆ. ಈಗ ಹಿಂಬದಿಯ ಸ್ಕಸಿ ಪೋರ್ಟ್‌ಗೆ (ಹೊರಗಿನ ಡ್ರೈವ್ ಜೋಡಿಸುವ ಜಾಗ) ಜಿಪ್ 100 ಡ್ರೈವ್ (ದಪ್ಪ ಫ್ಲಾಪಿಯಂಥ ಡಿಸ್ಕ್‌ನದ್ದು) ಹಾಕಿದ್ದೇನೆ. ಆನ್ ಮಾಡಿದರೆ ಫ್ಲಾಪಿ ಚಿತ್ರದ ಮೇಲೆ ಪ್ರಶ್ನೆ ಗುರುತು ಮಿನುಗುತ್ತದೆ, ಅಷ್ಟೇ. ಡ್ರೈವ್‌ನ ಹಸಿರು ದೀಪ ಉರಿಯುತ್ತದೆ. ಸ್ಕಸಿ ಸಾಲಿನಲ್ಲಿ ಡ್ರೈವ್‌ನ ನಂಬರ್, ಅಂದರೆ ಐಡಿ 5. ಸಾಲಿನ ಕೊನೆಯನ್ನು ಮುಚ್ಚುವ ಟರ್ಮಿನೇಶನ್ ಆನ್. ಮುಂದೇನು ನೋಡಲಿ?

ಉತ್ತರ:
ಐಡಿ ಸರಿಯಿದೆ. 7 ಮ್ಯಾಕ್‌ನದ್ದೇ, ಜಿಪ್‌ನಲ್ಲಿ ಸಿಗುವುದು 5 ಮತ್ತು 6 ಮಾತ್ರ. ಟರ್ಮಿನೇಶನ್ ಕೂಡ ಹಾಗೇ ಇರಲಿ. ನನಗೆ ಅನುಮಾನ ಡಿಸ್ಕ್ ಮೇಲೆ.

ಕ್ಲಾಸಿಕ್ ಬಂದದ್ದು 1990ರಲ್ಲಿ, ಜಿಪ್ 1995ರಲ್ಲಿ. ಆ ಮ್ಯಾಕ್‌ಗೆ ಜಿಪ್ ಅಂದರೆ ಏನೂ ಗೊತ್ತಿಲ್ಲ, ಮಾಮೂಲಿ ಹಾರ್ಡ್ ಡಿಸ್ಕ್ ಅಂದುಕೊಳ್ಳುತ್ತದೆ. ಅದನ್ನು ಓದಲು ಬೇಕಾದ ಪುಟ್ಟ ಪ್ರೋಗ್ರಾಂ, ಅಂದರೆ ಡ್ರೈವರ್, ಡಿಸ್ಕ್‌ನಲ್ಲೇ ಇರಬೇಕು. ಪಿಸಿಗೆ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಲ್ಲಿ ಅದು ಇರುವುದಿಲ್ಲ. ಇನ್ನೊಂದು, ಮ್ಯಾಕ್ ಆನ್ ಮಾಡುವ ಮೊದಲೇ ಡಿಸ್ಕ್ ಒಳಗಿರಬೇಕು. ಆಮೇಲೆ ಹಾಕಿದರೆ ಪ್ರಯೋಜನವಿಲ್ಲ.

ಪರೀಕ್ಷೆ ಸುಲಭ. ಆನ್ ಮಾಡುವಾಗ ಕಮಾಂಡ್, ಆಪ್ಷನ್, ಎಕ್ಸ್, ಒ ನಾಲ್ಕನ್ನೂ ಒತ್ತಿ ಹಿಡಿಯಿರಿ. ಕ್ಲಾಸಿಕ್‌ನ ರೋಮ್ ಚಿಪ್‌ನಲ್ಲೇ (ಬೋರ್ಡಿನಲ್ಲಿರುವ ಕಾಯಂ ಮೆಮೊರಿ) ಮ್ಯಾಕ್‌ನ ಆಪರೇಟಿಂಗ್ ಸಿಸ್ಟಮ್ ಆದ ಸಿಸ್ಟಮ್ 6.0.3 ಅಡಗಿದೆ, ಯಾವ ಡಿಸ್ಕೂ ಇಲ್ಲದೆ ಏಳುತ್ತದೆ. ಬೇರೆ ಹಳೆಯ ಮ್ಯಾಕ್‌ಗಳಲ್ಲಿ ಇಲ್ಲದ ಸೌಲಭ್ಯ ಇದು, ನನಗೆ ಬಹಳ ಇಷ್ಟ. ಪರದೆಯ ಮೇಲೆ ಜಿಪ್ ಕಾಣಿಸಿದರೆ ಕೇಬಲ್, ಡ್ರೈವರ್ ಎರಡೂ ಸರಿ, ಸಿಸ್ಟಮ್ ಫೋಲ್ಡರ್ ನೋಡಿ. ಆ ಫೋಲ್ಡರ್ ಮೇಲೆ ಪುಟ್ಟ ಮ್ಯಾಕ್ ಚಿತ್ರ ಇರಬೇಕು.

ಪ್ರಶ್ನೆ ಕೇಳಿದವರು:
ರೋಮ್‌ನಿಂದ ಎದ್ದಿತು ಸರ್! ಆದರೆ ಜಿಪ್ ಕಾಣಿಸಲಿಲ್ಲ. ಡಿಸ್ಕ್ ಲೇಬಲ್ ನೋಡಿದರೆ ಪಿಸಿ ಫಾರ್ಮ್ಯಾಟ್ ಅಂತಿದೆ. ಪವರ್ ಮ್ಯಾಕ್ (ಆಮೇಲೆ ಬಂದ ಮ್ಯಾಕ್) ಇರುವ ಸ್ನೇಹಿತರಿದ್ದಾರೆ, ಅಲ್ಲಿ ಫಾರ್ಮ್ಯಾಟ್ ಮಾಡಿಸಲೇ? ಅಂದಹಾಗೆ, ಗಡಿಯಾರ ಪ್ರತಿಸಲ 1904ಕ್ಕೆ ಹೋಗುತ್ತದೆ.

ಉತ್ತರ:
ಅಲ್ಲಿ ಬೇಡ. ಮ್ಯಾಕ್ ಓಎಸ್ 8.1 ಅಥವಾ ಮೇಲಿನದ್ದು ಎಚ್‌ಎಫ್‌ಎಸ್ ಪ್ಲಸ್ ಎಂಬ ಹೊಸ ಫಾರ್ಮ್ಯಾಟ್ ಮಾಡಿಬಿಡಬಹುದು, ಅದನ್ನು ಕ್ಲಾಸಿಕ್ ಓದುವುದಿಲ್ಲ. ಲಿಡೊ 7 ಎಂಬ ಪುಟ್ಟ ಪ್ರೋಗ್ರಾಂ ಅನ್ನು ಫ್ಲಾಪಿಗೆ ಹಾಕಿಕೊಳ್ಳಿ. ರೋಮ್‌ನಿಂದಲೇ ಏಳಿಸಿ, ಅದರಲ್ಲಿ ಜಿಪ್ ಡಿಸ್ಕ್ ಫಾರ್ಮ್ಯಾಟ್ ಮಾಡಿ. ಆಮೇಲೆ ಸಿಸ್ಟಮ್ 6.0.8 ಫ್ಲಾಪಿಗಳಿಂದ ಇನ್‌ಸ್ಟಾಲ್ ಮಾಡಿ.

ಗಡಿಯಾರ 1904 ತೋರಿಸುತ್ತಿದೆ ಅಂದರೆ ಮದರ್‌ಬೋರ್ಡಿನ 3.6 ವೋಲ್ಟ್ ಬ್ಯಾಟರಿ ಮುಗಿದಿದೆ. ಬೂಟ್‌ಗೆ ಇದು ಅಡ್ಡಿಯಲ್ಲ. ಆದರೂ ದಯವಿಟ್ಟು ಇವತ್ತೇ ತೆಗೆಯಿರಿ. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಒಳ್ಳೊಳ್ಳೆಯ ಕ್ಲಾಸಿಕ್‌ಗಳು ಹಾಗೇ ಹಾಳಾಗಿವೆ. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಆ ಕಡೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು:
ಲಿಡೊ ಕೆಲಸ ಮಾಡಿತು, ಜಿಪ್‌ನಿಂದಲೇ ಬೂಟ್ ಆಗುತ್ತಿದೆ! ಬ್ಯಾಟರಿಯನ್ನೂ ತೆಗೆದೆ. ಅದರ ಒಂದು ತುದಿಯಲ್ಲಿ ಬಿಳಿ ಪುಡಿ ಕಟ್ಟಿತ್ತು, ಬೋರ್ಡಿಗೆ ಇನ್ನೂ ತಾಕಿರಲಿಲ್ಲ.