‘ಕೆ-ಎಡ್ಜ್’: ಅಂಚೋ, ಹೊಸ್ತಿಲೋ?

ನಮಸ್ಕಾರ. ವಿಜ್ಞಾನ ಪ್ರದರ್ಶನದ ಎರಡು ಫಲಕಗಳು ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಒಂದರಲ್ಲಿ ಕಪ್ಪುಕುಳಿಯ ಸುತ್ತಲಿನ ಅನಿಲದಲ್ಲಿರುವ ಕಬ್ಬಿಣ, ಇನ್ನೊಂದರಲ್ಲಿ ಎಕ್ಸ್-ಕಿರಣದ ಪೆಟ್ಟು ಹೆಚ್ಚಲೆಂದು ಕ್ಯಾನ್ಸರ್ ಗಡ್ಡೆಗೆ ಸೇರಿಸಿದ ಚಿನ್ನದ ನ್ಯಾನೋಕಣ. ಎರಡಕ್ಕೂ ಒಂದೇ ಬಗೆಯ ನಕ್ಷೆ: ಎಕ್ಸ್-ಕಿರಣದ ಶಕ್ತಿ ಏರಿದಂತೆ ಹೀರಿಕೆ ಇಳಿಯುತ್ತಾ ಬಂದು, ಒಂದು ಬಿಂದುವಿನಲ್ಲಿ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಕಬ್ಬಿಣಕ್ಕೆ 7.1 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ), ಚಿನ್ನಕ್ಕೆ 80.7. ಇದೇ ‘ಕೆ-ಎಡ್ಜ್’. ‘ಕೆ-ಅಂಚು’ ಎಂದು ಬರೆದಿದ್ದೆ, ಕರಡು ನೋಡಿದವರು ಅದನ್ನು ನಕ್ಷೆಯ ಅಂಚು ಎಂದೇ ಓದಿದರು. ಅನುವಾದಕರು ಕಳಿಸಿದ ಪ್ರತಿಯಲ್ಲಿ ‘ಶೋಷಣ ಸೀಮೆ’ ಎಂದಿದೆ. ‘ಓಜೇ ಕ್ಯಾಸ್ಕೇಡ್’ಗೂ (ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಹೋದ ಜಾಗ ತುಂಬುತ್ತಾ ಬೇರೆ ಎಲೆಕ್ಟ್ರಾನುಗಳು ಒಂದರ ಹಿಂದೊಂದು ಹೊರಬೀಳುವುದು) ಒಂದು ಪದ ಬೇಕು. ಶೀರ್ಷಿಕೆಗೆ ಒಂದೇ ಸಾಲಿನ ಜಾಗ.
— ಸು.

ಮರು:
‘ಶೋಷಣ’ವನ್ನು ಮೊದಲು ತೆಗೆಯಿರಿ. ಸಂಸ್ಕೃತದಲ್ಲಿ ಏನೇ ಇರಲಿ, ಕನ್ನಡದಲ್ಲಿ ಶೋಷಣೆ ಎಂದರೆ ಕೂಲಿಯವನ ರಕ್ತ ಹೀರುವುದು. ‘ಹೀರಿಕೆ’ ಸಾಕು.

ಎಡ್ಜ್‌ಗೆ ‘ಹೊಸ್ತಿಲು’. ತೀರ ಒಳಗಿನ ಕವಚವಾದ ಕೆಯ ಎಲೆಕ್ಟ್ರಾನನ್ನು ಪರಮಾಣುವಿನಿಂದ ಆಚೆ ತಳ್ಳಲು ಬೇಕಾದ ಕನಿಷ್ಠ ಶಕ್ತಿ ಅದು. 80.6 ಕೆಇವಿಯ ಫೋಟಾನ್ ಚಿನ್ನದ ಕೆ ಎಲೆಕ್ಟ್ರಾನನ್ನು ಹೊರಹಾಕಲಾರದು, 80.8ರದ್ದು ಹಾಕುತ್ತದೆ. ಹೊಸ್ತಿಲು ದಾಟಿದೊಡನೆ ಹೀರಿಕೆ ಸುಮಾರು ನಾಲ್ಕು ಪಟ್ಟಾಗುತ್ತದೆ.
— ರಾ.

ಮರು: ಮರು:
> ಎಡ್ಜ್‌ಗೆ ‘ಹೊಸ್ತಿಲು’

ಒಪ್ಪಿದೆ, ಆದರೆ ‘ಹೀರಿಕೆಯ ಹೊಸ್ತಿಲು’ ಎಂದು ಬರೆಯಬೇಡಿ. ಹೀರಿಕೆ ಅಲ್ಲಿಂದ ಶುರುವಾಗುವುದಲ್ಲ. ಅದಕ್ಕಿಂತ ಕಡಿಮೆ ಶಕ್ತಿಯಲ್ಲೂ ಕೆಯ ಹೊರಗಿನ ಎಲ್, ಎಂ ಕವಚಗಳು ಹೀರುತ್ತಲೇ ಇರುತ್ತವೆ. ‘ಕೆ-ಹೊಸ್ತಿಲು’ ಎಂದರೆ ಯಾರ ಹೊಸ್ತಿಲು ಎಂಬುದು ಸ್ಪಷ್ಟ.

ಕಬ್ಬಿಣದ ಫಲಕಕ್ಕೂ ಇದೇ ಹೊಂದುತ್ತದೆ. ಬಿಸಿ ಅನಿಲದಲ್ಲಿ ಕಬ್ಬಿಣದ ಎಲೆಕ್ಟ್ರಾನುಗಳು ಕಳಚಿದಷ್ಟೂ ಹೊಸ್ತಿಲು ಎತ್ತರವಾಗುತ್ತದೆ: ತಟಸ್ಥ ಪರಮಾಣುವಿಗೆ 7.1, ಒಂದೇ ಎಲೆಕ್ಟ್ರಾನ್ ಉಳಿದಾಗ ಸುಮಾರು 9.3 ಕೆಇವಿ. ಅದು ಎಷ್ಟು ಮೇಲೇರಿದೆ ಎಂದು ನೋಡಿ ಅನಿಲ ಎಷ್ಟು ಅಯಾನೀಕರಣಗೊಂಡಿದೆ ಎಂದು ಖಗೋಳಜ್ಞರು ಹೇಳುತ್ತಾರೆ. ‘ಏರಿದ ಅಂಚು’ ಎಂದರೆ ಇದರಲ್ಲಿ ಏನೂ ತಿಳಿಯದು.

ಫಲಕದ ಮೇಲ್ಬರಹ ‘ವರ್ಣಪಟಲ’ (ಸ್ಪೆಕ್ಟ್ರಮ್) ಎಂದಿದ್ದರೆ ‘ರೋಹಿತ’ ಮಾಡಿ. ಪಟಲವೆಂದರೆ ಪೊರೆ, ಮುಸುಕು. ಅಮರಕೋಶದಲ್ಲಿ ಇಂದ್ರಧನುಸ್ಸು ಬಾಗದೆ ನೆಟ್ಟಗಿದ್ದರೆ ಅದು ರೋಹಿತ. ಪಟ್ಟಕದಿಂದ ಹೊರಬಂದ ಬಣ್ಣದ ಪಟ್ಟಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವ ಭಾಷೆಯಲ್ಲೂ ಸಿಗದು.
— ಶ್ರೀ.

ಮರು: ಮರು: ಮರು:
ಅಮರಕೋಶದಲ್ಲಿದ್ದ ಮಾತ್ರಕ್ಕೆ ಕನ್ನಡವಾಗದು. ಅದೇ ಕೋಶದಲ್ಲಿ ರೋಹಿತ ಮೀನೂ ಹೌದು, ಜಿಂಕೆಯೂ ಹೌದು. ‘ಬಣ್ಣಪಟ್ಟಿ’ ಎನ್ನಿ, ಮುಗಿಯಿತು. ‘ಕೆ’ ಯಾಕೆ? ‘ಒಳಸುತ್ತಿನ ಹೊಸ್ತಿಲು’ ಎಂದರೆ ಆಗದೇ?
— ಬ.

ಮರು: ಬಣ್ಣಪಟ್ಟಿ
ಎಕ್ಸ್-ಕಿರಣಕ್ಕೆ ಬಣ್ಣವಿಲ್ಲ. ‘ಬಣ್ಣಪಟ್ಟಿ’ ಬಿದ್ದುಹೋಯಿತು, ‘ವರ್ಣಪಟಲ’ವೂ ಅದೇ ಕಾರಣಕ್ಕೆ. ‘ಕೆ’ ಇಂಗ್ಲಿಷ್ ಪದವಲ್ಲ, ಗುರುತು. ಇನ್ನೂ ಒಳಗೆ ಬೇರೆ ಸರಣಿ ಸಿಕ್ಕೀತೆಂದು ಎಕ್ಸ್-ಕಿರಣ ಸರಣಿಗಳಿಗೆ ಹೆಸರಿಟ್ಟ ಭೌತವಿಜ್ಞಾನಿ ಬಾರ್ಕ್ಲಾ ಇಂಗ್ಲಿಷ್ ವರ್ಣಮಾಲೆಯ ನಡುವಿನಿಂದ ಅಕ್ಷರ ಎತ್ತಿಕೊಂಡ. ಅದನ್ನು ಕನ್ನಡಿಸಿದರೆ ನಾಳೆ ಎಲ್, ಎಂಗಳಿಗೂ ಹೆಸರು ಕಟ್ಟುತ್ತಾ ಕೂರಬೇಕು.

ಹೀಲಿಯಂ ವಿಷಯವನ್ನೇ ನೋಡಿ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಫ್ರೆಂಚ್ ಖಗೋಳಜ್ಞ ಜಾನ್ಸೆನ್ ಗುಂಟೂರಿನಿಂದ ವೀಕ್ಷಿಸಿದ. ಆ ವರ್ಷ ಸೂರ್ಯನ ರೋಹಿತದಲ್ಲಿ ಕಂಡ ಹಳದಿ ಗೆರೆ 587.6 ನ್ಯಾನೋಮೀಟರಿನದು. ಸೋಡಿಯಂನ ಜೋಡಿಗೆರೆ ಇರುವುದು 589.0 ಮತ್ತು 589.6ರಲ್ಲಿ. ಆ ಒಂದೂವರೆ ನ್ಯಾನೋಮೀಟರಿನ ಅಂತರದಲ್ಲೇ ಹೊಸ ಮೂಲವಸ್ತು ಇತ್ತು, ಭೂಮಿಯ ಮೇಲೆ ಅದು ರಸಾಯನವಿಜ್ಞಾನಿ ರ‍್ಯಾಮ್ಸೆಗೆ ಸಿಕ್ಕಿದ್ದು 1895ರಲ್ಲಿ. ಹೆಸರು ವಸ್ತುವಿನ ಜೊತೆಯಲ್ಲೇ ಬಂತು, ಬರಲಿ. ಆದರೆ ಗೆರೆ, ಹೊಸ್ತಿಲು, ಹೀರಿಕೆ ಇವು ವಿವರಣೆಯ ಮಾತುಗಳು. ಇವು ನಮ್ಮವೇ ಆಗಿರಬೇಕು.
— ರಾ.

ಮರು: ಓಜೇ
ಎಲ್ಲರೂ ಎರಡನೇ ಪ್ರಶ್ನೆಯನ್ನು ಮರೆತಿದ್ದೀರಿ. ಕ್ಯಾಸ್ಕೇಡ್‌ಗೆ ‘ಜಲಪಾತ’ ಬೇಡ, ‘ಸರಪಳಿ’ಯೂ ಬೇಡ, ಅದು ಪರಮಾಣು ಬೀಜದ ಕ್ರಿಯೆಗೆ ಮೀಸಲು. ಖಾಲಿ ಸ್ಥಾನಕ್ಕೆ ‘ತೆರವು’ ಇದೆ. ಉಪಚುನಾವಣೆಯ ಸುದ್ದಿಯಲ್ಲಿ ದಿನಾ ಓದುವ ಪದ. ‘ತೆರವಿನ ಸರಣಿ’ ಎಂದಿಡಿ: ಕೆಯಲ್ಲಿ ತೆರವಾದ ಜಾಗಕ್ಕೆ ಎಲ್‌ನಿಂದ ಎಲೆಕ್ಟ್ರಾನ್ ಬೀಳುತ್ತದೆ, ಎಲ್‌ನಲ್ಲಿ ತೆರವಾಗುತ್ತದೆ, ಅಲ್ಲಿಗೆ ಎಂನಿಂದ.

ಸು ಅವರೇ, ಕರಡಿನಲ್ಲಿ ‘ಪ್ರತಿ ಕೆ ತೆರವಿನಿಂದಲೂ ಮೊದಲು ಓಜೇ ಎಲೆಕ್ಟ್ರಾನ್ ಹೊಮ್ಮುತ್ತದೆ’ ಎಂದಿದ್ದರೆ ತಿದ್ದಿ. ಚಿನ್ನದಲ್ಲಿ ಕೆ ತೆರವು ತುಂಬಿದಾಗ ಹೊರಡುವುದು ಬಹುತೇಕ ಎಕ್ಸ್-ಕಿರಣವೇ, 68.8 ಕೆಇವಿಯ ಗೆರೆ. ಓಜೇ ಎಲೆಕ್ಟ್ರಾನುಗಳ ಸುರಿಮಳೆ ತೆರವು ಎಲ್, ಎಂಗಳಿಗೆ ಇಳಿದ ಮೇಲೆ. ಅವುಗಳಲ್ಲಿ ಕಡಿಮೆ ಶಕ್ತಿಯವು ಕೆಲವೇ ನ್ಯಾನೋಮೀಟರ್ ಹೋಗುತ್ತವೆ, ಡಿಎನ್‌ಎ ಎಳೆಯ ದಪ್ಪವೇ 2 ನ್ಯಾನೋಮೀಟರ್. ಹಾಗಾಗಿ ಕಣ ಗಡ್ಡೆಯ ಡಿಎನ್‌ಎಯಿಂದ ದೂರವಿದ್ದರೆ ಪ್ರಯೋಜನ ಕಡಿಮೆ. ಕಣ ದಪ್ಪಗಿದ್ದರೆ ಅದರೊಳಗೇ ಎಷ್ಟೋ ಎಲೆಕ್ಟ್ರಾನ್ ಸಿಕ್ಕಿಕೊಳ್ಳುತ್ತವೆ.

‘ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ’ ಎಂಬ ಅರ್ಥ ಬರುವಂತೆ ಬರೆಯಬೇಡಿ. ಆಸ್ಪತ್ರೆಯ 6 ಎಂವಿ (60 ಲಕ್ಷ ವೋಲ್ಟ್) ವಿಕಿರಣ ಯಂತ್ರದ ಫೋಟಾನುಗಳಲ್ಲಿ ಬಹುಪಾಲು ಕೆ-ಹೊಸ್ತಿಲಿಗಿಂತ ಎಷ್ಟೋ ಮೇಲೆ. ಅಲ್ಲಿ ನಡೆಯುವುದು ಕಾಂಪ್ಟನ್ ಚದುರಿಕೆ (ಫೋಟಾನ್ ಎಲೆಕ್ಟ್ರಾನಿಗೆ ತಾಗಿ ಶಕ್ತಿಯ ಒಂದು ಪಾಲು ಕೊಟ್ಟು ಚದುರುವುದು), ಅದಕ್ಕೆ ಚಿನ್ನ, ನೀರು ಎಂಬ ಭೇದ ಅಷ್ಟಿಲ್ಲ. 2004ರಲ್ಲಿ ಇಲಿಗಳ ಗಡ್ಡೆಯ ಮೇಲೆ 1.9 ನ್ಯಾನೋಮೀಟರ್ ಚಿನ್ನದ ಕಣ ಫಲ ಕೊಟ್ಟದ್ದು 250 ಕಿಲೋವೋಲ್ಟಿನ ಎಕ್ಸ್-ಕಿರಣದಲ್ಲಿ. ಶಕ್ತಿ ಹಾಗೆ ಇಳಿಸಿದರೆ ಕಿರಣದ ಹೆಚ್ಚಿನ ಪಾಲು ಚರ್ಮದ ಬಳಿಯೇ ಖರ್ಚಾಗುತ್ತದೆ. ಆಳದ ಗಡ್ಡೆಗೆ ಅದೇ ದೊಡ್ಡ ತೊಡಕು.
— ವೀ.

ಮರು: ಓಜೇ
ಎಲ್ಲರಿಗೂ ವಂದನೆ. ಕರಡಿನಲ್ಲಿ ಓಜೇ ವಾಕ್ಯ ಹಾಗೆಯೇ ಇತ್ತು, ತಿದ್ದಿದೆ. ಫಲಕಕ್ಕೆ ಹೋಗುತ್ತಿರುವುದು: ‘ಕೆ-ಹೊಸ್ತಿಲು: ಕಬ್ಬಿಣ 7.1, ಚಿನ್ನ 80.7 ಕೆಇವಿ’. ಕೆಳಗೆ ‘ತೆರವಿನ ಸರಣಿ’. ಮೇಲ್ಬರಹ ‘ಎಕ್ಸ್-ಕಿರಣ ರೋಹಿತ’.
— ಸು.

ಮರು: ಓಜೇ
ಹೊಸ್ತಿಲು, ತೆರವು ಎರಡೂ ಒಪ್ಪಿಗೆ. ರೋಹಿತ ಒಪ್ಪುವುದಿಲ್ಲ.
— ಬ.